ತಾತ್ಕಾಲಿಕವಾಗಿ ತೆರೆದ ಬಾಗಿಲುಗಳು: ಮನೆಗೆ ಹೋದ ಕಚೇರಿ ಮತ್ತು ಸೈಬರ್ ಭದ್ರತೆ

(ಬೆಂಗಳೂರಿನ ಬಸವನಗುಡಿಯಲ್ಲಿ, ಸಣ್ಣ ಮತ್ತು ಮಧ್ಯಮ ಸಂಸ್ಥೆಗಳ ಆಡಳಿತ ನೋಡಿಕೊಳ್ಳುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ಕೈಬಿಟ್ಟಿದ್ದೇನೆ. ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ಜಾಗದಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2020ರ ಮಾರ್ಚ್ ತಿಂಗಳ ನಡುವಿನ ಆ ಹತ್ತು ದಿನಗಳಲ್ಲಿ ನಿಮ್ಮ ನಿಮ್ಮ ಕಚೇರಿಗಳಲ್ಲಿ ಏನು ನಡೆಯಿತು ಎಂಬುದನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. 14ನೇ ತಾರೀಖಿನಿಂದ ರಾಜ್ಯ ಸರ್ಕಾರ ಮಾಲ್‌ಗಳನ್ನೂ ಚಿತ್ರಮಂದಿರಗಳನ್ನೂ ಮುಚ್ಚಿಸಿತ್ತು. 24ರ ರಾತ್ರಿ ದೇಶಕ್ಕೆಲ್ಲ ಲಾಕ್‌ಡೌನ್ ಘೋಷಣೆಯಾಯಿತು. ಈ ನಡುವೆ, ನಾನು ಆಗ ಭದ್ರತೆಯ ಹೊಣೆ ಹೊತ್ತಿದ್ದ ಸುಮಾರು ನಾನೂರು ಜನರ ಸಂಸ್ಥೆಯೊಂದರಲ್ಲಿ, ಮೇಜಿನ ಮೇಲಿನ ಕಂಪ್ಯೂಟರ್‌ಗಳನ್ನು ಹಳೆಯ ಬೆಡ್‌ಶೀಟುಗಳಲ್ಲಿ ಸುತ್ತಿ ಕ್ಯಾಬ್‌ಗಳಿಗೆ ತುಂಬಿಸಿ ಕಳುಹಿಸಿದೆವು. ಯಾವ ಯಂತ್ರ ಯಾರ ಮನೆಗೆ ಹೋಯಿತು ಎಂಬುದನ್ನು ಗೇಟಿನ ಬಳಿಯಿದ್ದ ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡೆವು. ಕೆಲವು ಯಂತ್ರಗಳು ವಿಜಯನಗರಕ್ಕೂ ಬನಶಂಕರಿಗೂ ಹೋದವು. ಇನ್ನು ಕೆಲವು, ಊರು ಸೇರಿಕೊಂಡ ಹುಡುಗ ಹುಡುಗಿಯರ ಜೊತೆಯಲ್ಲಿ ಹಾಸನಕ್ಕೂ ತೀರ್ಥಹಳ್ಳಿಗೂ ಶಿರಸಿಗೂ ಹೋದವು. ತಿಂಗಳ ಕೊನೆಯ ಸಂಬಳದ ಲೆಕ್ಕ ನಿಲ್ಲಲಿಲ್ಲ, ಗ್ರಾಹಕರ ಕರೆಗಳಿಗೆ ಉತ್ತರ ಕೊಡುವುದೂ ನಿಲ್ಲಲಿಲ್ಲ. ಅಷ್ಟರ ಮಟ್ಟಿಗೆ ನಮ್ಮ ಜನ ಮಾಡಿದ್ದು ದೊಡ್ಡ ಕೆಲಸ, ಅದನ್ನು ಇಂದಿಗೂ ಗೌರವದಿಂದ ನೆನೆಯುತ್ತೇನೆ.

ಆದರೆ ಅದೇ ಹತ್ತು ದಿನಗಳಲ್ಲಿ ನಾವು ಮತ್ತೊಂದು ಕೆಲಸವನ್ನೂ ಮಾಡಿದೆವು. ಹೊರಗಿನಿಂದ ಒಳಗಿನ ಸರ್ವರ್‌ಗಳನ್ನು ತಲುಪಲು ಬೇಕೆಂದು, ಕಚೇರಿಯ ಜಾಲವನ್ನು ಕಾಯುವ ಫೈರ್‌ವಾಲ್‌ನಲ್ಲಿ ಹೊಸ ದಾರಿಗಳನ್ನು ತೆರೆದೆವು. ಮನೆಯ ಯಂತ್ರವನ್ನು ಕಚೇರಿಯ ಜಾಲಕ್ಕೆ ಸೇರಿಸುವ ವಿಪಿಎನ್‌ನ ಪರವಾನಗಿ ಸಾಲದೆ ಹೋದಾಗ ಇಬ್ಬರು ಮೂವರಿಗೆ ಒಂದೇ ಖಾತೆಯನ್ನು ಕೊಟ್ಟೆವು. ಪಾಸ್‌ವರ್ಡ್ ಕೊಟ್ಟ ಮೇಲೂ ಮೊಬೈಲ್ ಮೂಲಕ ಗುರುತು ಕೇಳುವ ಎರಡನೆಯ ಹಂತದ ದೃಢೀಕರಣಕ್ಕೆ ನೆಟ್‌ವರ್ಕ್ ಸಿಗುವುದಿಲ್ಲ ಎಂದವರಿಗೆ ಅದರಿಂದ ವಿನಾಯಿತಿ ಕೊಟ್ಟೆವು. ಪ್ರತಿಯೊಂದಕ್ಕೂ ಒಂದೇ ಕಾರಣ ಬರೆದೆವು: ತಾತ್ಕಾಲಿಕ. ಆ ವರ್ಷ ನವೆಂಬರ್‌ನಲ್ಲಿ ನಾನು ಹಳೆಯ ಲಾಗ್‌ಗಳನ್ನು, ಅಂದರೆ ಯಂತ್ರಗಳು ತಾವೇ ಬರೆದಿಡುವ ದಾಖಲೆಗಳನ್ನು, ನೋಡುತ್ತ ಕುಳಿತಿದ್ದಾಗ ಒಂದು ಪರೀಕ್ಷಾ ಸರ್ವರನ್ನು ದೂರದಿಂದ ನಡೆಸುವ ರಿಮೋಟ್ ಡೆಸ್ಕ್‌ಟಾಪ್ ಬಾಗಿಲು, ಅಂದರೆ 3389ನೇ ಪೋರ್ಟ್, ಇಡೀ ಇಂಟರ್‌ನೆಟ್‌ಗೆ ತೆರೆದುಕೊಂಡಿರುವುದು ಕಂಡಿತು. ಊರಿಗೆ ಹೋಗಿದ್ದ ಒಬ್ಬ ಎಂಜಿನಿಯರ್‌ಗಾಗಿ ಎರಡು ವಾರದ ಮಟ್ಟಿಗೆ ಎಂದು ಅದನ್ನು ತೆರೆಯಲಾಗಿತ್ತು. ಆತ ಜೂನ್‌ನಲ್ಲಿಯೇ ಬೇರೆ ಕಡೆ ಕೆಲಸಕ್ಕೆ ಸೇರಿದ್ದರು. ಬಾಗಿಲು ಮಾತ್ರ ಎಂಟು ತಿಂಗಳು ತೆರೆದೇ ಇತ್ತು, ಮತ್ತು ಲಾಗ್‌ಗಳ ಪ್ರಕಾರ ಜಗತ್ತಿನ ಮೂಲೆ ಮೂಲೆಗಳಿಂದ ಹಗಲು ರಾತ್ರಿ ಯಾರೋ ಅದನ್ನು ತಟ್ಟುತ್ತಲೇ ಇದ್ದರು. ಒಳಗೆ ಯಾರೂ ಬಂದಿರಲಿಲ್ಲ. ಅದು ನಮ್ಮ ಜಾಣ್ಮೆಯಿಂದ ಆದದ್ದಲ್ಲ. ಆ ಎಂಜಿನಿಯರ್ ಇಟ್ಟಿದ್ದ ಉದ್ದನೆಯ ಪಾಸ್‌ವರ್ಡ್ ನಮ್ಮನ್ನು ಕಾಪಾಡಿತ್ತು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಂದು ನಾನು ಹೇಳಬೇಕೆಂದಿರುವ ವಿಷಯ ಹುಟ್ಟಿದ್ದು ಆ ರಾತ್ರಿ. ಬದಲಾವಣೆಗೆ ಹೊಂದಿಕೊಳ್ಳುವ ಭದ್ರತೆ ಬೇಕು ಎಂದು ನಾವೆಲ್ಲ ಹೇಳುತ್ತೇವೆ, ಆದರೆ ಹೊಂದಿಕೊಳ್ಳುವುದು ಎಂದರೆ ಸಡಿಲಿಸುವುದು ಎಂದಷ್ಟೇ ಅರ್ಥ ಮಾಡಿಕೊಂಡಿದ್ದೇವೆ. ಸಡಿಲಿಸಿದ ಪ್ರತಿಯೊಂದು ಕಟ್ಟಿಗೂ ಒಬ್ಬ ಹೊಣೆಗಾರನೂ ಒಂದು ಕೊನೆಯ ದಿನಾಂಕವೂ ಇದ್ದರೆ ಮಾತ್ರ ಅದನ್ನು ಹೊಂದಾಣಿಕೆ ಎನ್ನಬಹುದು. ಇಲ್ಲದಿದ್ದರೆ ಅದು ಮರೆವು.

ದೂರದಿಂದ ಕೆಲಸ ಮಾಡುವುದು ಬೆಂಗಳೂರಿಗೆ ಹೊಸತಲ್ಲ ಎಂಬುದನ್ನು ಮೊದಲು ಗಮನಿಸೋಣ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಮಿಲ್ಲರ್ಸ್ ರಸ್ತೆಯ ಕಟ್ಟಡವೊಂದರಲ್ಲಿ ವಿನ್ಯಾಸ ಕೇಂದ್ರವನ್ನು ತೆರೆದಾಗ, ಇಲ್ಲಿಂದ ಅಮೆರಿಕಕ್ಕೆ ದತ್ತಾಂಶ ಕಳುಹಿಸಲು ಅದಕ್ಕೆಂದೇ ಒಂದು ಉಪಗ್ರಹ ಸಂಪರ್ಕವನ್ನು ಏರ್ಪಡಿಸಬೇಕಾಯಿತು. ಅದರ ಉಪಕರಣವನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಕಥೆಯನ್ನು ಈ ಊರಿನ ತಂತ್ರಜ್ಞಾನ ವಲಯದ ಹಿರಿಯರು ಇಂದಿಗೂ ಹೇಳುತ್ತಾರೆ. ಆ ಲೆಕ್ಕದಲ್ಲಿ ಎಲೆಕ್ಟ್ರಾನಿಕ್ ಸಿಟಿಯಿಂದ ವೈಟ್‌ಫೀಲ್ಡ್‌ವರೆಗೆ ನಮ್ಮ ಇಡೀ ಉದ್ಯಮವೇ ದೂರದಿಂದ ಮಾಡುವ ಕೆಲಸ. ಆದರೆ ಆ ಸಂಪರ್ಕದ ಎರಡು ತುದಿಗಳಲ್ಲೂ ಕಚೇರಿಗಳಿದ್ದವು. ಎರಡೂ ಕಡೆ ಕಾವಲುಗಾರರು, ಗುರುತಿನ ಚೀಟಿ, ಬೀಗ ಹಾಕಿದ ಸರ್ವರ್ ಕೋಣೆ, ಸಂಸ್ಥೆಯೇ ಕೊಂಡ ಯಂತ್ರಗಳು ಇದ್ದವು. ಒಳಗಿರುವವರು ನಮ್ಮವರು, ಹೊರಗಿರುವವರು ಪರಕೀಯರು ಎಂದು ಗೋಡೆಯೇ ಹೇಳುತ್ತಿತ್ತು. 2020ರಲ್ಲಿ ಆ ಸಂಪರ್ಕದ ಒಂದು ತುದಿ ಬಂದು ಕುಳಿತದ್ದು ಅಡುಗೆಮನೆಯ ಪಕ್ಕದ ಊಟದ ಮೇಜಿನ ಮೇಲೆ. ಪಕ್ಕದಲ್ಲಿ ಮಗುವಿನ ಆನ್‌ಲೈನ್ ತರಗತಿ ನಡೆಯುತ್ತಿತ್ತು; ವೈಫೈ ಪೆಟ್ಟಿಗೆಗೆ ಕೇಬಲ್ ಹುಡುಗ ಇಟ್ಟುಹೋದ ಪಾಸ್‌ವರ್ಡೇ ಇತ್ತು.

ಸರ್ಕಾರದ ನಿಯಮಗಳೂ ಆಗ ಹೊಸದಾಗಿ ದಾರಿ ಹುಡುಕಿಕೊಳ್ಳಬೇಕಾಯಿತು. ಕಾಲ್ ಸೆಂಟರ್ ಮತ್ತು ಬಿಪಿಒ ಕೆಲಸಗಳನ್ನು ಮನೆಯಿಂದ ಮಾಡಿಸಲು ಇದ್ದ ಕಟ್ಟುನಿಟ್ಟಿನ ಷರತ್ತುಗಳನ್ನು ದೂರಸಂಪರ್ಕ ಇಲಾಖೆ 2020ರ ಮಾರ್ಚ್‌ನಲ್ಲಿ ಸಡಿಲಿಸಿತು. ನಾನು ನಿಮ್ಮ ಗಮನಕ್ಕೆ ತರಬೇಕೆಂದಿರುವುದು ಆ ಆದೇಶದ ರೀತಿಯನ್ನು: ಅದರಲ್ಲಿ ಏಪ್ರಿಲ್ 30 ಎಂಬ ಕೊನೆಯ ದಿನವಿತ್ತು. ಆ ದಿನ ಬಂದಾಗ ಪರಿಸ್ಥಿತಿಯನ್ನು ನೋಡಿ ವಿಸ್ತರಿಸಿದರು, ಮತ್ತೆ ವಿಸ್ತರಿಸಿದರು, ಕೊನೆಗೆ ನವೆಂಬರ್‌ನಲ್ಲಿ ಹೊಸ ಮಾರ್ಗಸೂಚಿಯನ್ನೇ ತಂದು ಮನೆಯಿಂದ ಕೆಲಸ ಮಾಡುವುದನ್ನು ನಿಯಮದ ಒಳಗೆ ಸೇರಿಸಿದರು. ವಿನಾಯಿತಿ ಒಂದೋ ಮುಗಿಯಬೇಕು, ಇಲ್ಲವೇ ಯೋಚನೆ ಮಾಡಿ ಬರೆದ ನಿಯಮವಾಗಬೇಕು. ನಮ್ಮ ಸಂಸ್ಥೆ ಅದೇ ಎಂಟು ತಿಂಗಳಲ್ಲಿ ಎರಡನ್ನೂ ಮಾಡಿರಲಿಲ್ಲ.

ಈಗ ವಿಪಿಎನ್ ವಿಚಾರಕ್ಕೆ ಬರುತ್ತೇನೆ. ಈ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. ವಿಪಿಎನ್ ಎಂದರೆ ಮನೆಯಲ್ಲಿರುವ ಯಂತ್ರಕ್ಕೂ ಕಚೇರಿಯ ಜಾಲಕ್ಕೂ ನಡುವೆ ಕೊರೆದ ಗುಪ್ತ ಸುರಂಗ ಎಂದುಕೊಳ್ಳಿ. ಅದರೊಳಗೆ ಸಾಗುವುದನ್ನು ದಾರಿಯಲ್ಲಿರುವವರು ಓದಲಾರರು. ಆದರೆ ಸುರಂಗದ ಬಾಯಿ ಇರುವುದು ಬಯಲಿನಲ್ಲಿ, ಎಲ್ಲರಿಗೂ ಕಾಣುವಂತೆ. ಆ ಬಾಯಿಗೆ ಹಾಕಿದ ಬಾಗಿಲಿನಲ್ಲಿ ದೋಷವಿದ್ದರೆ ಸುರಂಗ ನೇರವಾಗಿ ಕಚೇರಿಯ ಗರ್ಭಗುಡಿಗೆ ದಾರಿ ಮಾಡಿಕೊಡುತ್ತದೆ. ಪಲ್ಸ್ ಸೆಕ್ಯೂರ್ ಎಂಬ ವಿಪಿಎನ್ ಉಪಕರಣದಲ್ಲಿ ಇಂಥ ದೋಷವೊಂದು ಕಂಡುಬಂದು, 2019ರ ಏಪ್ರಿಲ್‌ನಲ್ಲಿ ತಯಾರಕರು ಅದಕ್ಕೆ ಪ್ಯಾಚ್, ಅಂದರೆ ದೋಷವನ್ನು ಸರಿಪಡಿಸುವ ತಂತ್ರಾಂಶದ ತೇಪೆ, ಬಿಡುಗಡೆ ಮಾಡಿದರು. ವಿದೇಶಿ ಹಣ ವಿನಿಮಯದ ಟ್ರಾವೆಲೆಕ್ಸ್ ಸಂಸ್ಥೆಯ ಮೇಲೆ ಅದೇ ವರ್ಷ ಡಿಸೆಂಬರ್ 31ರಂದು, ಕಡತಗಳಿಗೆ ಬೀಗ ಜಡಿದು ಒತ್ತೆಹಣ ಕೇಳುವ ರಾನ್ಸಮ್‌ವೇರ್ ದಾಳಿಯಾಯಿತು. ವಾರಗಟ್ಟಲೆ ಅದರ ಶಾಖೆಗಳಲ್ಲಿ ಕಾಗದ ಮತ್ತು ಪೆನ್ನಿನಲ್ಲಿ ವ್ಯವಹಾರ ನಡೆಸಬೇಕಾಯಿತು. ಆ ಸಂಸ್ಥೆಯ ಪಲ್ಸ್ ಸೆಕ್ಯೂರ್ ಸರ್ವರ್‌ಗಳಿಗೆ ತಿಂಗಳುಗಟ್ಟಲೆ ಆ ಪ್ಯಾಚ್ ಹಾಕಿರಲಿಲ್ಲ ಎಂದು ಭದ್ರತಾ ಸಂಶೋಧಕರು ತಿಳಿಸಿದರು.

ಪ್ಯಾಚ್ ಯಾಕೆ ಹಾಕುವುದಿಲ್ಲ ಎಂದು ಕೇಳಿದರೆ ಸೋಮಾರಿತನ ಎಂದು ಉತ್ತರ ಕೊಡುವುದು ಸುಲಭ. ನನ್ನ ಅನುಭವ ಬೇರೆ ಹೇಳುತ್ತದೆ. ಮೊದಲು ವಿಪಿಎನ್ ಬಳಸುತ್ತಿದ್ದವರು ನಮ್ಮಲ್ಲಿ ಕೆಲವೇ ಮಂದಿ, ಅದೂ ರಾತ್ರಿ ಹೊತ್ತು. ಅದನ್ನು ಭಾನುವಾರ ಒಂದು ಗಂಟೆ ನಿಲ್ಲಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾರ್ಚ್ ಕಳೆದ ಮೇಲೆ ಅದೇ ನಮ್ಮ ಕಚೇರಿಯ ಏಕೈಕ ಹೆಬ್ಬಾಗಿಲಾಯಿತು. ಅದನ್ನು ನಿಲ್ಲಿಸುವುದೆಂದರೆ ಇಡೀ ಸಂಸ್ಥೆಯನ್ನು ಮುಚ್ಚುವುದು ಎಂದಾಯಿತು. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ 2020ರ ಮಾರ್ಚ್ 13ರಷ್ಟು ಮೊದಲೇ ಇದೇ ಎಚ್ಚರಿಕೆಯನ್ನು ಕೊಟ್ಟಿತ್ತು: ವಿಪಿಎನ್‌ಗಳು ದಿನದ ಇಪ್ಪತ್ತನಾಲ್ಕು ಗಂಟೆಯೂ ಬಳಕೆಯಲ್ಲಿರುವುದರಿಂದ ಸಂಸ್ಥೆಗಳು ಅವುಗಳನ್ನು ಪರಿಷ್ಕರಿಸದೆ ಬಿಡುವ ಸಾಧ್ಯತೆ ಹೆಚ್ಚು. ಪ್ಯಾಚ್ ಹಾಕುವ ಹುಡುಗನಿಗೆ ಧೈರ್ಯ ಹೇಳುವುದರಿಂದ ಇದು ಪರಿಹಾರವಾಗುವುದಿಲ್ಲ. ಎರಡು ಹೆಬ್ಬಾಗಿಲುಗಳಿರಬೇಕು; ಒಂದನ್ನು ರಿಪೇರಿ ಮಾಡುವಾಗ ಜನ ಇನ್ನೊಂದರಲ್ಲಿ ಓಡಾಡಬೇಕು. ಎರಡನೆಯ ಉಪಕರಣದ ಖರ್ಚನ್ನು ಲೆಕ್ಕಪತ್ರ ವಿಭಾಗದವರ ಮುಂದಿಟ್ಟಾಗ ಅವರು ಅದನ್ನು ಅನಗತ್ಯ ಎಂದರು. ಅವರ ದೃಷ್ಟಿಯಲ್ಲಿ ಅದು ಸರಿಯೇ, ಯಾಕೆಂದರೆ ಅದು ಸುಮ್ಮನೆ ಕುಳಿತಿರುವಂತೆ ಕಾಣುತ್ತದೆ. ನಿಮ್ಮಲ್ಲಿ ಹಣದ ನಿರ್ಧಾರ ಮಾಡುವವರು ಇದ್ದೀರಿ. ಬದಲಾಗುವ ಸಾಮರ್ಥ್ಯ ಎಂಬುದು ಹೀಗೆ ಸುಮ್ಮನೆ ಕುಳಿತಂತೆ ಕಾಣುವ ವಸ್ತುಗಳಲ್ಲಿಯೇ ಇರುತ್ತದೆ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ.

ಇನ್ನೊಂದು ಪ್ರಕರಣ ನನ್ನ ಮೂಲ ಮಾತಿಗೆ ಇನ್ನೂ ಹತ್ತಿರದ್ದು. 2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಸಂಸ್ಥೆಯ ಮೇಲೆ ದಾಳಿಯಾಗಿ, ಆ ದೇಶದ ಪೂರ್ವ ಕರಾವಳಿಗೆ ಇಂಧನ ಸಾಗಿಸುವ ದೊಡ್ಡ ಕೊಳವೆಮಾರ್ಗವನ್ನೇ ಹಲವು ದಿನ ನಿಲ್ಲಿಸಬೇಕಾಯಿತು, ಪೆಟ್ರೋಲ್ ಬಂಕ್‌ಗಳ ಮುಂದೆ ಸಾಲುಗಳು ಬೆಳೆದವು, ಸಂಸ್ಥೆ 75 ಬಿಟ್‌ಕಾಯಿನ್, ಅಂದರೆ ಆಗಿನ ಬೆಲೆಯಲ್ಲಿ ಸುಮಾರು 44 ಲಕ್ಷ ಡಾಲರ್, ಒತ್ತೆಹಣವಾಗಿ ಕೊಟ್ಟಿತು. ದಾಳಿಕೋರರು ಒಳಗೆ ಬಂದದ್ದು ಯಾರೂ ಬಳಸದೆ ಬಿಟ್ಟಿದ್ದ, ಆದರೆ ಮುಚ್ಚದೆ ಉಳಿದಿದ್ದ ಒಂದು ವಿಪಿಎನ್ ಖಾತೆಯಿಂದ. ಅದಕ್ಕೆ ಎರಡನೆಯ ಹಂತದ ದೃಢೀಕರಣ ಇರಲಿಲ್ಲ; ಅದರ ಪಾಸ್‌ವರ್ಡ್ ಬೇರೆಲ್ಲೋ ಸೋರಿಕೆಯಾದ ಪಾಸ್‌ವರ್ಡ್‌ಗಳ ರಾಶಿಯಲ್ಲಿ ಆಮೇಲೆ ಸಿಕ್ಕಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಈ ಗಾದೆಯಲ್ಲಿ ನಾವು ಸಾಮಾನ್ಯವಾಗಿ ತಡವಾದದ್ದನ್ನು ಮಾತ್ರ ಗಮನಿಸುತ್ತೇವೆ. ನನ್ನನ್ನು ಕಾಡುವುದು ಆ ದಿಡ್ಡಿ ಬಾಗಿಲು. ಹೆಬ್ಬಾಗಿಲಿಗೆ ಎಲ್ಲರೂ ಕಾವಲು ಹಾಕುತ್ತಾರೆ. ದಿಡ್ಡಿ ಬಾಗಿಲು ಇದೆ ಎಂಬುದೇ ನೆನಪಿರುವುದಿಲ್ಲ.

ಇಲ್ಲಿಯವರೆಗೆ ಯಂತ್ರಗಳ ಮಾತಾಯಿತು. ಮನುಷ್ಯರ ನಡುವೆ ಏನು ಬದಲಾಯಿತು ಎಂಬುದಕ್ಕೆ 2020ರ ಜುಲೈ 15ರಂದು ಟ್ವಿಟರ್‌ನಲ್ಲಿ ನಡೆದದ್ದನ್ನು ನೋಡಬೇಕು. ಆ ದಿನ ಜಗತ್ತಿನ ಪ್ರಸಿದ್ಧರ ಖಾತೆಗಳೂ ಸೇರಿ 130 ಖಾತೆಗಳನ್ನು ಗುರಿ ಮಾಡಿ, ಹಲವು ಖಾತೆಗಳಿಂದ ಬಿಟ್‌ಕಾಯಿನ್ ಮೋಸದ ಸಂದೇಶಗಳನ್ನು ಹಾಕಲಾಯಿತು. ಅದರ ಹಿಂದೆ ಯಾವ ದೇಶದ ಗೂಢಚಾರರೂ ಇರಲಿಲ್ಲ. ಸೂತ್ರಧಾರ ಹದಿನೇಳು ವರ್ಷದ ಹುಡುಗ. ದಾಳಿಕೋರರು ಮಾಡಿದ್ದು ಇಷ್ಟು: ಸಂಸ್ಥೆಯ ಐಟಿ ವಿಭಾಗದವರು ಎಂದು ಹೇಳಿಕೊಂಡು ಉದ್ಯೋಗಿಗಳಿಗೆ ಫೋನ್ ಮಾಡಿದರು, ನಿಮ್ಮ ವಿಪಿಎನ್‌ನಲ್ಲಿ ತೊಂದರೆ ಇದೆಯಂತಲ್ಲ ಎಂದು ಕೇಳಿದರು, ನಿಜವಾದ ಪುಟದಂತೆಯೇ ಕಾಣುವ ನಕಲಿ ಲಾಗಿನ್ ಪುಟಕ್ಕೆ ಕಳುಹಿಸಿದರು. ಮನೆಯಿಂದ ಕೆಲಸ ಮಾಡುತ್ತಿದ್ದ ಎಲ್ಲರಿಗೂ ಆಗ ವಿಪಿಎನ್ ತೊಂದರೆ ಇದ್ದೇ ಇತ್ತು. ಕಚೇರಿಯಲ್ಲಿದ್ದಿದ್ದರೆ ಆ ಉದ್ಯೋಗಿ ಪಕ್ಕದ ಕುರ್ಚಿಯವರನ್ನು ಕೇಳುತ್ತಿದ್ದರು, ಅಥವಾ ಎದ್ದು ಎರಡನೇ ಮಹಡಿಗೆ ಹೋಗಿ, ಅಲ್ಲಿ ದಿನವೂ ಕಾಣುವ ಐಟಿ ಹುಡುಗನನ್ನು ಮಾತಾಡಿಸುತ್ತಿದ್ದರು. ಕಾಫಿಯ ಜೊತೆ ನಡೆಯುವ ಈ ಸಣ್ಣ ವಿಚಾರಣೆಯೇ ನಮ್ಮ ಕಚೇರಿಗಳ ಅತ್ಯಂತ ಅಗ್ಗದ ಹಾಗೂ ಅತ್ಯಂತ ಗಟ್ಟಿಯಾದ ಭದ್ರತೆಯಾಗಿತ್ತು ಎಂಬುದು ಅದು ಇಲ್ಲವಾದ ಮೇಲೆ ನಮಗೆ ಗೊತ್ತಾಯಿತು.

ಅದರ ಜಾಗದಲ್ಲಿ ಬೇರೆ ಏನನ್ನಾದರೂ ಉದ್ದೇಶಪೂರ್ವಕವಾಗಿ ಕಟ್ಟಬೇಕು. ನಾವು ಕೊನೆಗೆ ಮಾಡಿಕೊಂಡ ಏರ್ಪಾಟು ಸರಳ. ಹೆಲ್ಪ್‌ಡೆಸ್ಕ್‌ನಿಂದ ಎಂದು ಯಾರೇ ಕರೆ ಮಾಡಿದರೂ, ಉದ್ಯೋಗಿ ಆ ಕರೆಯನ್ನು ಕತ್ತರಿಸಿ, ಸಂಸ್ಥೆಯ ದೂರವಾಣಿ ಪಟ್ಟಿಯಲ್ಲಿರುವ ಸಂಖ್ಯೆಗೆ ತಾವೇ ಮರಳಿ ಕರೆ ಮಾಡಬೇಕು; ಹಾಗೆ ಕತ್ತರಿಸಿದ್ದಕ್ಕೆ, ಕರೆ ಮಾಡಿದವರು ಎಷ್ಟೇ ಹಿರಿಯರಾಗಿದ್ದರೂ, ಯಾರೂ ಬೇಸರ ಮಾಡಿಕೊಳ್ಳುವಂತಿಲ್ಲ. ಈ ಎರಡನೆಯ ಭಾಗವೇ ಮುಖ್ಯ. ನಮ್ಮಲ್ಲಿ ಹಿರಿಯರ ಕರೆಯನ್ನು ಕತ್ತರಿಸುವುದು ಅವಿನಯ ಎಂಬ ಭಾವನೆ ಆಳವಾಗಿದೆ. ಮೋಸಗಾರರು ನಂಬಿಕೊಂಡಿರುವುದು ಅದನ್ನೇ. ಆದ್ದರಿಂದ ನಮ್ಮ ವ್ಯವಸ್ಥಾಪಕ ನಿರ್ದೇಶಕರೇ ಎಲ್ಲರ ಮುಂದೆ, ನನ್ನ ಕರೆಯನ್ನೂ ಕತ್ತರಿಸಿ ಎಂದು ಹೇಳುವಂತೆ ಕೇಳಿಕೊಂಡೆವು, ಅವರು ಹೇಳಿದರು. ತರಬೇತಿಯನ್ನು ಕನ್ನಡದಲ್ಲಿಯೂ ಕೊಟ್ಟೆವು. ಗೋದಾಮಿನ, ಲೆಕ್ಕಪತ್ರದ, ಸಾಗಣೆಯ ವಿಭಾಗಗಳಲ್ಲಿ ಕೆಲಸ ಮಾಡುವವರು ಇಂಗ್ಲಿಷ್ ಸ್ಲೈಡ್‌ಗಳ ಮುಂದೆ ಸುಮ್ಮನೆ ತಲೆಯಾಡಿಸುತ್ತಿದ್ದರು; ಕನ್ನಡದಲ್ಲಿ ಮಾತು ಆರಂಭಿಸಿದ ಮೊದಲ ದಿನವೇ ಮೂವರು ತಮಗೆ ಬಂದಿದ್ದ ಅನುಮಾನದ ಕರೆಗಳ ಬಗ್ಗೆ ಹೇಳಿಕೊಂಡರು. ಅವರಿಗೆ ವಿಷಯ ಮೊದಲೇ ಗೊತ್ತಿತ್ತು. ಕೇಳುವವರು ಅವರ ಭಾಷೆಯಲ್ಲಿ ಕೇಳಿರಲಿಲ್ಲ.

ಎರಡನೆಯ ಹಂತದ ದೃಢೀಕರಣದ ಬಗ್ಗೆ ಸಭಿಕರೊಬ್ಬರು ಕೇಳಿದರು: ಒಟಿಪಿ ಇದ್ದರೆ ಸಾಕಲ್ಲವೇ? ಇಲ್ಲದಿರುವುದಕ್ಕಿಂತ ಬಹಳ ಮೇಲು, ಆದರೆ ಅದೂ ಕಾಲಕ್ಕೆ ತಕ್ಕಂತೆ ಬದಲಾಗಬೇಕು. ಎಸ್‌ಎಂಎಸ್ ಒಟಿಪಿಯನ್ನು ಸಿಮ್ ಬದಲಾಯಿಸುವ ಮೋಸದಿಂದ ಕದಿಯಬಹುದು, ನಕಲಿ ಪುಟದಲ್ಲಿ ಬಳಕೆದಾರರಿಂದಲೇ ಬರೆಸಿಕೊಳ್ಳಬಹುದು. ಮೊಬೈಲ್‌ನಲ್ಲಿ ಬರುವ ಒಪ್ಪಿಗೆಯ ಗುಂಡಿಯನ್ನಾದರೂ ನಂಬೋಣ ಎಂದರೆ, 2022ರ ಸೆಪ್ಟೆಂಬರ್‌ನಲ್ಲಿ ಊಬರ್ ಸಂಸ್ಥೆಯ ಒಬ್ಬ ಗುತ್ತಿಗೆದಾರರಿಗೆ ಒಪ್ಪಿಗೆಯ ಕೋರಿಕೆಗಳನ್ನು ಮೇಲಿಂದ ಮೇಲೆ ಕಳುಹಿಸಿ ಬೇಸರ ಹಿಡಿಸಿ, ಐಟಿ ವಿಭಾಗದವನೆಂದು ವಾಟ್ಸ್‌ಆ್ಯಪ್‌ನಲ್ಲಿ ನಂಬಿಸಿ, ಕೊನೆಗೆ ಒಪ್ಪಿಗೆ ಒತ್ತಿಸಿಕೊಂಡರು. ಅದಾದ ಮೇಲೆ ಪರದೆಯಲ್ಲಿ ಕಾಣುವ ಸಂಖ್ಯೆಯನ್ನು ಮೊಬೈಲ್‌ನಲ್ಲಿ ನಮೂದಿಸುವ ಕ್ರಮ ಹೆಚ್ಚಿತು. ಮೈಕ್ರೋಸಾಫ್ಟ್ ತನ್ನ ದೃಢೀಕರಣದ ಆ್ಯಪ್ ಅಥೆಂಟಿಕೇಟರ್‌ನಲ್ಲಿ ಇದನ್ನು 2023ರ ಮೇ ತಿಂಗಳಿಂದ ಎಲ್ಲರಿಗೂ ಕಡ್ಡಾಯ ಮಾಡಿತು. ಇನ್ನೂ ಗಟ್ಟಿಯಾದವು, ಪಾಸ್‌ವರ್ಡ್ ಬದಲಿಗೆ ಬಳಸುವ ಡಿಜಿಟಲ್ ಕೀಲಿಯಾದ ಪಾಸ್‌ಕೀ ಮತ್ತು ಯುಎಸ್‌ಬಿ ಭದ್ರತಾ ಕೀಲಿಗಳು. ಅವು ನಿಜವಾದ ವಿಳಾಸದ ಪುಟಕ್ಕೆ ಮಾತ್ರ ಉತ್ತರ ಕೊಡುತ್ತವೆ, ನಕಲಿ ಪುಟಕ್ಕೆ ಕೊಡುವುದಿಲ್ಲ. ಎಲ್ಲರಿಗೂ ಕೊಡಿಸಲು ಹಣವಿಲ್ಲದಿದ್ದರೆ, ಬ್ಯಾಂಕ್ ಪಾವತಿ ಮಾಡುವವರಿಗೂ ಸರ್ವರ್‌ಗಳ ಆಡಳಿತ ನೋಡುವವರಿಗೂ ಮೊದಲು ಕೊಡಿಸಿ.

ಮನೆಯ ವಿಚಾರದಲ್ಲಿ ಒಂದು ಎಚ್ಚರಿಕೆಯ ಜೊತೆಗೆ ಒಂದು ವಿನಂತಿಯೂ ಇದೆ. ಎಚ್ಚರಿಕೆ ಲಾಸ್ಟ್‌ಪಾಸ್ ಪ್ರಕರಣದ್ದು. ಜನರ ಪಾಸ್‌ವರ್ಡ್‌ಗಳನ್ನೇ ಕಾಯುವ ಆ ಸಂಸ್ಥೆಯಲ್ಲಿ ಅತ್ಯಂತ ಮುಖ್ಯವಾದ ಕೀಲಿಗಳು ನಾಲ್ವರು ಎಂಜಿನಿಯರ್‌ಗಳ ಬಳಿ ಮಾತ್ರ ಇದ್ದವು. 2022ರಲ್ಲಿ ದಾಳಿಕೋರರು ಅವರಲ್ಲಿ ಒಬ್ಬರ ಮನೆಯ ಕಂಪ್ಯೂಟರಿಗೆ, ಅದರಲ್ಲಿದ್ದ ಹಳೆಯ ಮನರಂಜನಾ ತಂತ್ರಾಂಶದ ದೋಷವೊಂದರ ಮೂಲಕ ನುಗ್ಗಿ, ಅವರು ಒತ್ತುವ ಪ್ರತಿ ಅಕ್ಷರವನ್ನೂ ದಾಖಲಿಸಿಕೊಂಡರು. ಸಂಸ್ಥೆಯ ಗೋಡೆ ಎಷ್ಟೇ ಎತ್ತರವಿದ್ದರೂ ಕೀಲಿ ಇದ್ದದ್ದು ಸಿನಿಮಾ ನೋಡುವ ಯಂತ್ರದಲ್ಲಿ.

ಇದನ್ನು ಕೇಳಿದ ಕೂಡಲೇ ಕೆಲವು ಮಾಲೀಕರು ಉದ್ಯೋಗಿಗಳ ಸ್ವಂತ ಯಂತ್ರಗಳಿಗೆ ಕಣ್ಗಾವಲು ತಂತ್ರಾಂಶ ಹಾಕಿಸುತ್ತಾರೆ. ನಿಮಿಷಕ್ಕೊಮ್ಮೆ ಪರದೆಯ ಚಿತ್ರ ತೆಗೆಯುವುದು, ಕ್ಯಾಮೆರಾ ಸದಾ ಆನ್ ಇರಬೇಕೆನ್ನುವುದು. ದಯವಿಟ್ಟು ಹೀಗೆ ಮಾಡಬೇಡಿ ಎಂಬುದೇ ನನ್ನ ವಿನಂತಿ. ಪಿಜಿಯ ಒಂದು ಕೋಣೆಯಲ್ಲಿ ಮೂವರು ಇರುವ ಹುಡುಗಿಗೂ, ಅತ್ತೆ ಮಾವ ಮಕ್ಕಳ ಜೊತೆ ಎರಡು ಕೋಣೆಯ ಮನೆಯಲ್ಲಿರುವ ಗುಮಾಸ್ತರಿಗೂ ಅದು ಭದ್ರತೆಯಾಗಿ ಕಾಣುವುದಿಲ್ಲ, ಮನೆಯೊಳಗೆ ನುಗ್ಗಿದಂತೆ ಕಾಣುತ್ತದೆ. ಹಾಗೆ ಅನಿಸಿದವರು ತಪ್ಪು ಕೊಂಡಿಯನ್ನು ಒತ್ತಿದ ದಿನ ನಿಮಗೆ ಹೇಳುವುದಿಲ್ಲ, ಮುಚ್ಚಿಡುತ್ತಾರೆ. ಮುಚ್ಚಿಟ್ಟ ಆ ಹೊತ್ತಿನಲ್ಲೇ ನಿಜವಾದ ನಷ್ಟ ಆಗುತ್ತದೆ. ಅದರ ಬದಲು ಸಂಸ್ಥೆಯ ಕೆಲಸಕ್ಕೆ ಸಂಸ್ಥೆಯ ಯಂತ್ರವನ್ನೇ ಕೊಡಿ, ಅದರ ಡಿಸ್ಕನ್ನು ಗೂಢಲಿಪಿಯಲ್ಲಿಡಿ, ಅದನ್ನು ನೀವು ನಿರ್ವಹಿಸಿ; ಅವರ ಸ್ವಂತದ್ದನ್ನು ಅವರಿಗೆ ಬಿಡಿ. ಸಾಧ್ಯವೇ ಇಲ್ಲದಿದ್ದರೆ, ದತ್ತಾಂಶ ಮನೆಯ ಯಂತ್ರಕ್ಕೆ ಇಳಿಯದಂತೆ, ಬ್ರೌಸರ್‌ನೊಳಗೇ ಕೆಲಸ ಮುಗಿಯುವಂತೆ ಏರ್ಪಾಟು ಮಾಡಿ.

ಇವೆಲ್ಲದರ ಹಿಂದಿರುವ ಚಿಂತನೆಗೆ ಇಂದು ಎಲ್ಲ ಮಾರಾಟಗಾರರೂ ಝೀರೋ ಟ್ರಸ್ಟ್ ಎಂಬ ಹೆಸರು ಹಚ್ಚುತ್ತಾರೆ. 2010ರಲ್ಲಿ ಫಾರೆಸ್ಟರ್ ಎಂಬ ಸಂಶೋಧನಾ ಸಂಸ್ಥೆಯಲ್ಲಿದ್ದ ಜಾನ್ ಕಿಂಡರ್‌ವ್ಯಾಗ್ ಈ ಮಾತನ್ನು ಪ್ರಚಾರಕ್ಕೆ ತಂದರು; 2009ರಲ್ಲಿ ತನ್ನ ಮೇಲಾದ ದಾಳಿಯ ನಂತರ ಗೂಗಲ್ ಇದೇ ದಿಕ್ಕಿನಲ್ಲಿ ಯೋಚಿಸಿ, ವಿಪಿಎನ್ ಇಲ್ಲದೆಯೇ ಉದ್ಯೋಗಿಗಳು ಎಲ್ಲಿಂದಲಾದರೂ ಕೆಲಸ ಮಾಡುವ ವ್ಯವಸ್ಥೆಯನ್ನು ವರ್ಷಗಳ ಕಾಲ ಕಟ್ಟಿತು; ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2020ರ ಆಗಸ್ಟ್‌ನಲ್ಲಿ ಇದರ ಕುರಿತು ಮಾರ್ಗದರ್ಶಿಯೊಂದನ್ನು ಪ್ರಕಟಿಸಿತು. ಯಾರನ್ನೂ ನಂಬಬೇಡಿ ಎಂದು ಇದನ್ನು ಕನ್ನಡಕ್ಕೆ ತಂದರೆ ಅರ್ಥ ಕೆಡುತ್ತದೆ. ಇಲ್ಲಿ ಸಂಶಯಪಡುವುದು ಜಾಗವನ್ನು, ವ್ಯಕ್ತಿಯನ್ನಲ್ಲ. ಕಚೇರಿಯ ಒಳಗೆ ಕುಳಿತಿದ್ದಾರೆ ಎಂಬ ಒಂದೇ ಕಾರಣಕ್ಕೆ ಯಾರಿಗೂ ಪ್ರವೇಶ ಸಿಗುವುದಿಲ್ಲ, ತೀರ್ಥಹಳ್ಳಿಯಲ್ಲಿದ್ದಾರೆ ಎಂಬ ಕಾರಣಕ್ಕೆ ತಪ್ಪುವುದೂ ಇಲ್ಲ. ಯಾರು, ಯಾವ ಯಂತ್ರದಿಂದ, ಯಾವ ಕಡತಕ್ಕೆ ಎಂಬುದನ್ನು ಪ್ರತಿ ಸಲ ನೋಡಿ ಬಾಗಿಲು ತೆರೆಯುತ್ತದೆ. ಹೀಗೆ ಕಟ್ಟಿದ ಸಂಸ್ಥೆಗೆ ನಾಳೆ ಮತ್ತೆ ಎಲ್ಲರೂ ಮನೆಗೆ ಹೋಗಬೇಕಾಗಿ ಬಂದರೂ, ಎಲ್ಲರೂ ಕಚೇರಿಗೆ ಮರಳಿದರೂ, ನಿಯಮಗಳನ್ನು ಬದಲಾಯಿಸುವ ಅಗತ್ಯವೇ ಬೀಳುವುದಿಲ್ಲ. ಅದನ್ನು ಒಂದು ಪೆಟ್ಟಿಗೆಯಲ್ಲಿ ಕೊಂಡು ತರಲು ಆಗುವುದಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು.

ಮರಳುವ ಮಾತು ಬಂದದ್ದರಿಂದ ಒಂದು ಸಂಗತಿ. ಒಂದೂವರೆ ಎರಡು ವರ್ಷ ಹೊರಗಿದ್ದ ಯಂತ್ರಗಳು ಕಚೇರಿಗೆ ವಾಪಸಾದ ವಾರಗಳಲ್ಲಿ ನಾವು ಹೆದರಿದಷ್ಟು ಲಾಕ್‌ಡೌನ್ ವಾರದಲ್ಲಿಯೂ ಹೆದರಿರಲಿಲ್ಲ. ಕೆಲವು ಯಂತ್ರಗಳಿಗೆ ತಿಂಗಳುಗಟ್ಟಲೆ ಪ್ಯಾಚ್ ಇಳಿದಿರಲಿಲ್ಲ. ಅವುಗಳನ್ನು ನೇರವಾಗಿ ಒಳಜಾಲಕ್ಕೆ ಜೋಡಿಸದೆ, ಪ್ರತ್ಯೇಕವಾದ ಜಾಲವೊಂದರಲ್ಲಿ ಒಂದು ದಿನ ಇಟ್ಟು, ತಪಾಸಣೆ ಮಾಡಿ, ಪರಿಷ್ಕರಿಸಿ ಒಳಗೆ ಬಿಟ್ಟೆವು. ಕ್ವಾರಂಟೈನ್ ಎಂಬ ಪದವನ್ನು ಆ ವೇಳೆಗೆ ಯಾರಿಗೂ ವಿವರಿಸಬೇಕಾಗಿರಲಿಲ್ಲ.

ಕಾನೂನಿನ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ, ಪಟ್ಟಿ ಮಾಡಿದ ಬಗೆಯ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಕಾಪಾಡಬೇಕು, ಎಲ್ಲ ಯಂತ್ರಗಳ ಗಡಿಯಾರಗಳನ್ನು ನಿಗದಿತ ಸಮಯ ಸರ್ವರ್‌ಗಳಿಗೆ ಹೊಂದಿಸಬೇಕು. ಸಣ್ಣ ಉದ್ಯಮಗಳಿಗೆ ಕೊಟ್ಟ ಹೆಚ್ಚುವರಿ ಅವಕಾಶವೂ 2022ರ ಸೆಪ್ಟೆಂಬರ್ 25ಕ್ಕೆ ಮುಗಿಯಿತು. ಉದ್ಯೋಗಿಗಳು ಹತ್ತು ಊರುಗಳಲ್ಲಿ ಚದುರಿರುವಾಗ ಆರು ಗಂಟೆ ಎಂಬುದು ಬಹಳ ಕಡಿಮೆ ಸಮಯ. ರಾತ್ರಿ ಒಂಬತ್ತಕ್ಕೆ ಶಿರಸಿಯಲ್ಲಿರುವ ಹುಡುಗನಿಗೆ ಏನೋ ಸರಿಯಿಲ್ಲ ಎಂದು ಕಂಡರೆ ಯಾರಿಗೆ ಫೋನ್ ಮಾಡಬೇಕು ಎಂಬುದು ಆತನಿಗೆ ಗೊತ್ತಿರಬೇಕು, ಆ ಸಂಖ್ಯೆ ಕಾಗದದ ಮೇಲೆ ಇರಬೇಕು, ಏಕೆಂದರೆ ಆ ಹೊತ್ತಿನಲ್ಲಿ ಇಮೇಲ್ ಕೆಲಸ ಮಾಡದೆ ಇರಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೂ, ಸೂಕ್ತ ಭದ್ರತಾ ಕ್ರಮ ಕೈಗೊಳ್ಳದೆ ಜನರ ಮಾಹಿತಿ ಸೋರಿಹೋದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ಹಣ ಕಳೆದುಕೊಂಡ ಪ್ರಕರಣಗಳಲ್ಲಿ 1930 ಸಹಾಯವಾಣಿಗೆ ಕೂಡಲೇ ಕರೆ ಮಾಡಿ. ನಮ್ಮ ಊರಿನಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆಗಳೂ ಇವೆ.

ಪೀಣ್ಯದಿಂದ ಬಂದಿದ್ದ ಕಾರ್ಖಾನೆಯ ಮಾಲೀಕರೊಬ್ಬರು ಎದ್ದು ನಿಂತು, ನಮ್ಮಲ್ಲಿ ಕಚೇರಿ ಕೆಲಸದವರು ಮೂವತ್ತೇ ಜನ, ಕಂಪ್ಯೂಟರ್ ನೋಡಿಕೊಳ್ಳುವವನು ಒಬ್ಬನೇ, ನಾವು ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದರು. ಇಂದು ಬಂದ ಪ್ರಶ್ನೆಗಳಲ್ಲಿ ಇದೇ ಮುಖ್ಯವಾದದ್ದು. ನನ್ನ ಉತ್ತರ: ಹೊಸದಾಗಿ ಏನನ್ನೂ ಕೊಳ್ಳುವ ಮೊದಲು ಒಂದು ಮಧ್ಯಾಹ್ನ ಆ ಹುಡುಗನ ಜೊತೆ ನೀವೇ ಕುಳಿತು, ಹೊರಗಿನಿಂದ ನಿಮ್ಮ ಜಾಲಕ್ಕೆ ಬರಲು ಇರುವ ಎಲ್ಲ ದಾರಿಗಳನ್ನೂ, ಕೆಲಸ ಬಿಟ್ಟವರ ಹೆಸರಿನಲ್ಲಿ ಇನ್ನೂ ಬದುಕಿರುವ ಎಲ್ಲ ಖಾತೆಗಳನ್ನೂ ಬರೆಯಿರಿ. ಟ್ಯಾಲಿ ಲೆಕ್ಕ ನೋಡಲು ಲೆಕ್ಕಿಗರಿಗೆ ಕೊಟ್ಟ, ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ತಂತ್ರಾಂಶದ ಪಾಸ್‌ವರ್ಡ್, ಯಂತ್ರ ಪೂರೈಸಿದವರು ದುರಸ್ತಿಗೆಂದು ಇಟ್ಟುಕೊಂಡಿರುವ ದಾರಿ, ಎಲ್ಲವೂ ಅದರಲ್ಲಿ ಬರಬೇಕು. ಪ್ರತಿ ಸಾಲಿನ ಮುಂದೆ ಮೂರು ಖಾನೆಗಳಿರಲಿ: ಯಾರಿಗಾಗಿ, ಯಾರ ಒಪ್ಪಿಗೆಯಿಂದ, ಎಲ್ಲಿಯವರೆಗೆ. ಮೂರನೆಯ ಖಾನೆ ಖಾಲಿ ಇರುವ ಸಾಲುಗಳನ್ನು ಅಂದೇ ಮುಚ್ಚಿ. ನಿಜವಾಗಿ ಬೇಕಾದವರು ಮರುದಿನ ಫೋನ್ ಮಾಡುತ್ತಾರೆ, ಆಗ ದಿನಾಂಕ ಬರೆದು ಮತ್ತೆ ತೆರೆಯಿರಿ. ಅದರ ಮರುವಾರ ಬ್ಯಾಕಪ್ ನೋಡಿ. ಅದರ ಒಂದು ಪ್ರತಿ ಜಾಲಕ್ಕೆ ಜೋಡಿಸದೆ ಬೇರೆಯೇ ಇರಬೇಕು, ಮತ್ತು ಅದರಿಂದ ಕನಿಷ್ಠ ಒಂದು ಕಡತವನ್ನಾದರೂ ಮರಳಿ ಪಡೆದು ತೋರಿಸುವಂತೆ ಹುಡುಗನನ್ನು ಕೇಳಿ. ಆ ಹುಡುಗ ರಜೆಯಲ್ಲಿದ್ದಾಗ ಇದನ್ನು ಯಾರು ಮಾಡುತ್ತಾರೆ ಎಂಬ ಪ್ರಶ್ನೆಯನ್ನೂ ಅಂದೇ ಕೇಳಿಕೊಳ್ಳಿ.

ನಮ್ಮ ಸಂಸ್ಥೆಯಲ್ಲಿ 2020ರ ನವೆಂಬರ್‌ನ ಆ ರಾತ್ರಿಯ ನಂತರ ಮಾಡಿದ ಇಂಥ ಪಟ್ಟಿಯಲ್ಲಿ ನಲವತ್ತಕ್ಕೂ ಹೆಚ್ಚು ಸಾಲುಗಳಿದ್ದವು. ಹೆಚ್ಚಿನವು ಒಂದೇ ವಾರದಲ್ಲಿ ಮುಚ್ಚಿಹೋದವು, ಯಾರೂ ಕೇಳಲಿಲ್ಲ. ಕೆಲವು ನಿಯಮಗಳಾದವು, ತೀರ್ಥಹಳ್ಳಿಯಿಂದಲೇ ಕೆಲಸ ಮುಂದುವರಿಸಿದ ಇಬ್ಬರಿಗೆ ಸಂಸ್ಥೆಯದೇ ಲ್ಯಾಪ್‌ಟಾಪ್ ಮತ್ತು ಭದ್ರತಾ ಕೀಲಿ ಹೋಯಿತು. ನಾನು ಆ ಸಂಸ್ಥೆಯನ್ನು ಬಿಡುವ ದಿನ ಪಟ್ಟಿಯಲ್ಲಿ ಉಳಿದಿದ್ದದ್ದು ಒಂದೇ ಸಾಲು, ಹಳೆಯ ಲೆಕ್ಕಪತ್ರ ತಂತ್ರಾಂಶವೊಂದರದು. ಅದರ ಮುಂದೆ ನನ್ನ ಹೆಸರಿತ್ತು. ಅದನ್ನು ಹೊಡೆದು, ನನ್ನ ಜಾಗಕ್ಕೆ ಬಂದ ಸಹೋದ್ಯೋಗಿಯ ಹೆಸರನ್ನು ಅವರ ಎದುರಿನಲ್ಲಿಯೇ ಬರೆದು, ಕೊನೆಯ ದಿನಾಂಕವನ್ನು ಅವರ ಕೈಯಿಂದಲೇ ಬರೆಸಿ ಬಂದೆ.